ಮಾತು ಕೊಟ್ಟ ಮೇಲೆ ದರ ಏರಿದರೆ?

ಓದುಗರ ಪ್ರಶ್ನೆ, ನಿವೃತ್ತ ಮೇಷ್ಟ್ರ ಉತ್ತರ

ಪ್ರಶ್ನೆ: ನವೆಂಬರಿನಲ್ಲಿ ಪರಿಚಯದ ವ್ಯಾಪಾರಿಯೊಬ್ಬರಿಗೆ 40 ಚೀಲ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ, ಕೊಡುತ್ತೇನೆಂದು ಒಪ್ಪಿದ್ದೆ. 50 ಕಿಲೋ ಚೀಲಕ್ಕೆ 8,200 ರೂಪಾಯಿ. 25,000 ಮುಂಗಡವನ್ನೂ ತೆಗೆದುಕೊಂಡೆ. ಕಾಗದ ಪತ್ರ ಏನೂ ಇಲ್ಲ. ಈಗ ಕಾಫಿ ಕಣದಲ್ಲಿ ಒಣಗುತ್ತಿದೆ, ದರ 10,100 ಆಗಿದೆ. ಮುಂಗಡ ವಾಪಸ್ ಕೊಟ್ಟು ಬೇರೆಯವರಿಗೆ ಮಾರಿದರೆ ತಪ್ಪೇ? ಬೈಬಲ್ ಮುಟ್ಟಿ ಆಣೆಯನ್ನೇನೂ ಮಾಡಿರಲಿಲ್ಲ. ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನವೂ ಸಿಕ್ಕಿದೆ.
– ಸಿದ್ದಾಪುರದ ಬೆಳೆಗಾರ

ಉತ್ತರ: ಚೀಲಕ್ಕೆ 1,900ರಂತೆ 40 ಚೀಲಕ್ಕೆ 76,000 ಆಯಿತು. ಅಷ್ಟು ದುಡ್ಡು ಕಣ್ಣೆದುರು ಕುಣಿಯುತ್ತಿದ್ದರೆ ನನಗೂ ಪ್ರಾರ್ಥನೆಯಲ್ಲಿ ಸಮಾಧಾನ ಸಿಗುತ್ತಿತ್ತು, ಬಿಡಿ.

ಆಣೆ ಮಾಡಿರಲಿಲ್ಲ ಅಂದಿರಲ್ಲ, ಅಲ್ಲೇ ಸ್ವಲ್ಪ ಕೂರೋಣ. ಯೇಸುಸ್ವಾಮಿಯ ಕಾಲದಲ್ಲೂ ಇದೇ ಲೆಕ್ಕಾಚಾರ ನಡೆದಿತ್ತು. ದೇವಾಲಯದ ಮೇಲೆ ಆಣೆ ಇಟ್ಟರೆ ತಪ್ಪಿದರೂ ನಡೆಯುತ್ತದೆ, ದೇವಾಲಯದ ಚಿನ್ನದ ಮೇಲೆ ಇಟ್ಟರೆ ಮಾತ್ರ ನಡೆಸಿಕೊಡಬೇಕು. ಬಲಿಪೀಠದ ಮೇಲಾದರೆ ಏನಿಲ್ಲ, ಅದರ ಮೇಲಿಟ್ಟ ಕಾಣಿಕೆಯ ಮೇಲಾದರೆ ಉಂಟು. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯ ತೆಗೆದು ನೋಡಿ, ಬೋಧಕರಿಗೆ ಈ ವಿಷಯಕ್ಕೇ ಬೈಗುಳ ಬಿದ್ದಿದೆ. ನಮ್ಮಲ್ಲೂ ಕಾವೇರಮ್ಮನ ಆಣೆಗೆ ಒಂದು ತೂಕ, ‘ಆಯ್ತು ಮಾರಾಯ, ಕೊಡ್ತೇನೆ’ ಅನ್ನುವುದಕ್ಕೆ ಇನ್ನೊಂದು ತೂಕ. ಸ್ವಾಮಿ ಆ ತಕ್ಕಡಿಯನ್ನೇ ಎತ್ತಿ ಆಚೆ ಇಟ್ಟರು. ಆಣೆಯೇ ಬೇಡ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂದುಬಿಟ್ಟರು. ಅಲ್ಲಿಗೆ ನಿಮ್ಮ ನವೆಂಬರಿನ ‘ಆಯ್ತು’ ಬೈಬಲ್ ಮುಟ್ಟಿ ಹೇಳಿದಷ್ಟೇ ಭಾರ.

ಬೈಬಲಿನ 15ನೇ ಕೀರ್ತನೆಯಲ್ಲಿ ದೇವರ ಗುಡಾರದಲ್ಲಿ ಇರಬಲ್ಲವನು ಯಾರು ಎಂಬ ಪ್ರಶ್ನೆ ಇದೆ. ಉತ್ತರದಲ್ಲಿ ಬರುವ ಒಂದು ಲಕ್ಷಣ, ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನು ಎಂದು. ಬರೆದವನು ಕಾಫಿ ಕುಡಿದವನಲ್ಲ, ಆದರೆ ದರ ಏರುವುದು ಅವನಿಗೂ ಗೊತ್ತಿತ್ತು. ದರ 6,000ಕ್ಕೆ ಇಳಿದು, ಆ ವ್ಯಾಪಾರಿ ‘ಮುಂಗಡ ನೀವೇ ಇಟ್ಕೊಳ್ಳಿ, ಕಾಫಿ ಬೇಡ’ ಅಂದಿದ್ದರೆ? ನಾಲ್ಕು ಜನರನ್ನು ಕಟ್ಟಿಕೊಂಡು ಅವನ ಅಂಗಡಿ ಮುಂದೆ ನಿಲ್ಲುತ್ತಿದ್ದಿರಿ. ನಿಮ್ಮ 40 ಚೀಲ ನಂಬಿಕೊಂಡು ಅವನೂ ಕಾಫಿ ಸಂಸ್ಕರಿಸುವ ಕ್ಯೂರಿಂಗ್‌ನವರಿಗೆ ಮಾತು ಕೊಟ್ಟಿರುತ್ತಾನೆ, ಅದನ್ನೂ ಯೋಚಿಸಿ.

ದಾರಿ ಇಲ್ಲವೇ ಇಲ್ಲ ಅಂತಲ್ಲ. ನೇರ ಅವನ ಹತ್ತಿರ ಹೋಗಿ ಇದ್ದದ್ದು ಹೇಳಿ. ‘ಇಪ್ಪತ್ತು ಚೀಲ ಹಳೇ ದರಕ್ಕೆ ಕೊಡಿ, ಉಳಿದದ್ದು ನಿಮ್ಮಿಷ್ಟ’ ಅಂತ ಅವನೇ ಅಂದರೆ ನೀವು ಬಿಡುಗಡೆ. ಆಗಲ್ಲ ಅಂದರೆ 8,200ಕ್ಕೇ ತೂಕ ಹಾಕಿ. ಮಾತು ಈಗ ಅವನ ಕೈಲಿದೆ. ಅದನ್ನು ನೀವು ಬಿಡಿಸಿಕೊಳ್ಳಲಾರಿರಿ, ನಿಮ್ಮ ಪ್ರಾರ್ಥನೆಯೂ ಬಿಡಿಸಲಾರದು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ದರ ಏರಿದ ವರ್ಷ ಕೆಲವರು ಮಾತೇನೋ ಉಳಿಸಿಕೊಳ್ಳುತ್ತಾರೆ, ಚೀಲದಲ್ಲಿ ತಪ್ಪುತ್ತಾರೆ. ತೇವ ಶೇ. 11ಕ್ಕೆ ಇಳಿಯುವ ಮೊದಲೇ ಗೋಣಿಗೆ ತುಂಬುವುದು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) ಚೆನ್ನಾಗಿ ಬರುವ ರಾಶಿಯನ್ನು ಹಿಂದೆ ಸರಿಸಿ ಜೊಳ್ಳನ್ನು ಮುಂದೆ ತಳ್ಳುವುದು. ಕಣಕ್ಕೆ ಹೋಗಿ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಗಲಗಲ ಅಂದರೆ ತುಂಬಿ. ಇಲ್ಲದಿದ್ದರೆ ಇನ್ನೆರಡು ದಿನ ಬಿಸಿಲು ಕಾಣಲಿ.

ಇಷ್ಟು ಹೇಳುವ ನಾನು ಸಾಚಾ ಅಂದುಕೊಳ್ಳಬೇಡಿ. ಒಂದು ವರ್ಷ ಹೆಗ್ಗಡದೇವನಕೋಟೆ ಕಡೆಯ ಹೆಂಗಸೊಬ್ಬಳು ನನ್ನ ಎರಡು ಎಕರೆಯ ಕಾಫಿ ಕೊಯ್ದಳು. ಕೂಲಿಯಲ್ಲಿ 1,800 ಬಾಕಿ. ‘ಮಗಳ ಸ್ಕೂಲು ಶುರುವಾಗೋದರೊಳಗೆ ಕೊಡ್ತೇನೆ’ ಅಂದಿದ್ದೆ. ದುಡ್ಡು ಇತ್ತು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಿತೆಂದು ಪಂಪ್‌ಸೆಟ್ಟಿಗೆ ಸುರಿದೆ, ಆಮೇಲೆ ಮರೆತಂತೆ ಇದ್ದೆ. ಜೂನ್ ಮಳೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ತಾಯಿ ಮಗಳು ಸಿಕ್ಕರು. ಹುಡುಗಿಯ ಬ್ಯಾಗಿನ ಜಿಪ್ ಹೋಗಿ, ಗೋಣಿ ಹೊಲಿಯುವ ದಾರದಿಂದ ಕಟ್ಟಿತ್ತು. ‘ಚೆನ್ನಾಗಿದ್ದೀರಾ ಮೇಷ್ಟ್ರೇ’ ಅಂದಳು ತಾಯಿ. ಬಾಕಿ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಶನಿವಾರ ಚರ್ಚಿಗೆ ಪಾಪನಿವೇದನೆಗೆ ಹೋದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಗುರುಗಳು ಕೇಳಿದ್ದು ಒಂದೇ: ‘ಕೊಟ್ಟಾಯ್ತಾ?’ ಇಲ್ಲ ಅಂದೆ. ‘ನಾಳೆ ಪೂಜೆಗೆ ಬರುವ ಮೊದಲು ಅಲ್ಲಿಗೆ ಹೋಗಿ ಬನ್ನಿ.’ ತೋಟದ ಕೆಲಸದವರ ಲೈನ್‌ಮನೆಗೆ ಹೋಗಿ ಕೊಟ್ಟೆ. ಅವಳು ಎರಡು ಸಲ ಎಣಿಸಿ, ‘ಸ್ಕೂಲು ಶುರುವಾಗಿ ಹದಿನೈದು ದಿನ ಆಯ್ತು’ ಅಂದಳು, ಅಷ್ಟೇ.

ಪ್ರಶ್ನೆ: ಮಗನ ಕಾಮಾಲೆ ವಾಸಿಯಾದರೆ ಒಂದು ಚಿನ್ನದ ಬಳೆ ಕೊಡುತ್ತೇನೆಂದು ಸಂತ ಅನ್ನಮ್ಮನಿಗೆ ಹರಕೆ ಹೊತ್ತಿದ್ದೆ. ವಾಸಿಯಾಯಿತು. ಬಳೆ ಈಗ ಮಗಳ ನರ್ಸಿಂಗ್ ಫೀಸಿಗಾಗಿ ಬ್ಯಾಂಕಿನಲ್ಲಿದೆ. ಭಯವಾಗುತ್ತದೆ.
– ವಿರಾಜಪೇಟೆಯ ತಾಯಿ

ಉತ್ತರ: ಭಯ ಬೇಡಮ್ಮ. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿ. ನ್ಯಾಯವಾದ ಕಾರಣವಿದ್ದರೆ ಇಂಥ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಅವರಿಗೆ ಉಂಟು, ಕಥೋಲಿಕ ಧರ್ಮಸಭೆಯ ಕಾನೂನಿನ 1196ನೇ ಕಲಮಿನಲ್ಲೇ ಇದೆ. ಅಷ್ಟೇ ಒಳ್ಳೆಯ ಅಥವಾ ಅದಕ್ಕಿಂತ ಒಳ್ಳೆಯ ಇನ್ನೊಂದು ಕೆಲಸಕ್ಕೆ ಹರಕೆಯನ್ನು ನೀವೇ ಬದಲಿಸಿಕೊಳ್ಳಲೂಬಹುದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗಾಗಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಲ್ಲಿ ಆಸರೆ ಕೊಟ್ಟಲ್ಲಿ ಎದ್ದ ದೇವಾಲಯ ನಿಮ್ಮೂರಿನ ಸಂತ ಅನ್ನಮ್ಮನದು. ಅಂದಿನಿಂದ ಎಷ್ಟು ತಾಯಂದಿರ ಹರಕೆ ಕೇಳಿಸಿಕೊಂಡಿದೆಯೋ. ಮರಿಯಮ್ಮನ ತಾಯಿ ಅನ್ನಮ್ಮನೂ ಹೆಣ್ಣುಮಗು ಸಾಕಿದವಳೇ, ಫೀಸಿನ ಕಷ್ಟ ಅರ್ಥವಾಗುತ್ತದೆ.

ಅದೇ ಕಲಮಿನಲ್ಲಿ ಒಂದು ಷರತ್ತು ಇದೆ: ಬಿಡುಗಡೆಯಿಂದ ಇನ್ನೊಬ್ಬರಿಗೆ ಬಂದಿರುವ ಹಕ್ಕಿಗೆ ಧಕ್ಕೆಯಾಗಬಾರದು. ಸಿದ್ದಾಪುರದವರು ಇದನ್ನೂ ಓದಲಿ.

ಪ್ರಶ್ನೆ: ಚೀಟಿ ಹಣಕ್ಕೆ ಜನ ಬಂದರೆ ‘ಮನೇಲಿಲ್ಲ ಅಂತ ಹೇಳು’ ಅನ್ನುತ್ತಾರೆ ಅಪ್ಪ. ನಾನು ಹೇಳಿದರೆ ಪಾಪ ಯಾರಿಗೆ?
– ಕುಶಾಲನಗರದ ಎಂಟನೇ ಕ್ಲಾಸು

ಉತ್ತರ: ಪಾಪದ ಪಾಲು ಆಮೇಲೆ ನೋಡೋಣ. ಮುಂದಿನ ಸಲ ಅಪ್ಪನೇ ಬಾಗಿಲು ತೆರೆದು ‘ಇವತ್ತಿಲ್ಲ, ಶನಿವಾರ ಬನ್ನಿ’ ಅನ್ನಲಿ. ಶನಿವಾರ ಮನೆಯಲ್ಲೂ ಇರಲಿ. ಇದನ್ನೆಲ್ಲ ಯಾರು ಕಲಿಸಿದ್ದು ಅಂತ ಗದರಿದರೆ ಈ ಪುಟ ತೋರಿಸು, ಬೈಗುಳ ನನಗೆ ಬರಲಿ.