ಅಪ್ಪನ ಅಸ್ಥಿಯನ್ನು ಅಮೆರಿಕದಿಂದ ಊರಿಗೆ ಒಯ್ಯುವಾಗ

ನಿಮ್ಮ ತಂದೆಯವರ ವಿಷಯ ಓದಿ ತುಂಬ ನೋವಾಯಿತು. ಮಗನ ಮನೆ ನೋಡಲು ಬಂದವರು ಪರದೇಶದಲ್ಲೇ ಕಣ್ಣು ಮುಚ್ಚಿದರೆ ಅಳುವುದಕ್ಕೂ ಪುರುಸೊತ್ತು ಸಿಗದಷ್ಟು ಕೆಲಸ ಮೈಮೇಲೆ ಬೀಳುತ್ತದೆ. ಫ್ಯೂನರಲ್ ಹೋಮ್‌ನವರು, ಅಂದರೆ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವವರು, ತೋರಿಸಿದ ಹಿತ್ತಾಳೆಯ ಕಲಶ ತೆಗೆದುಕೊಳ್ಳಬಹುದೇ, ಎಷ್ಟು ದೊಡ್ಡದು ಬೇಕು, ಶ್ರೀರಂಗಪಟ್ಟಣಕ್ಕೆ ವಿಮಾನದಲ್ಲಿ ಒಯ್ಯುವುದು ಹೇಗೆ ಎಂದು ಕೇಳಿದ್ದೀರಿ. ದಹನ ನಾಡಿದ್ದು ಅಂದಿದ್ದೀರಲ್ಲ, ಅದಕ್ಕೆ ಮುಂಚೆ ಆಗಲೇಬೇಕಾದ ಮಾತಿನಿಂದ ಶುರು ಮಾಡುತ್ತೇನೆ.

ನಮ್ಮೂರಲ್ಲಿ ಚಿತೆ ಆರಿದ ಮೇಲೆ ಮೂಳೆಯ ಚೂರುಗಳನ್ನು ಆರಿಸಿ ಕುಡಿಕೆಗೆ ಹಾಕುತ್ತೇವೆ. ಇಲ್ಲಿ ಹಾಗಲ್ಲ. ಕುಲುಮೆಯಲ್ಲಿ ಎರಡು ಮೂರು ಗಂಟೆ ಸುಟ್ಟು, ಉಳಿದ ಮೂಳೆಯನ್ನೆಲ್ಲ ಯಂತ್ರದಲ್ಲಿ ಪುಡಿ ಮಾಡಿ ಕೊಡುತ್ತಾರೆ. ಕೈಗೆ ಬರುವುದು ಬೂದುಬಿಳಿ ಬಣ್ಣದ, ಮರಳಿನಂಥ ಪುಡಿ. ‘ಇದರಲ್ಲಿ ಅಸ್ಥಿ ಎಲ್ಲಿದೆ’ ಎಂದು ಊರಿನ ಹಿರಿಯರು ಗಾಬರಿಯಾಗುವುದುಂಟು. ಅದೆಲ್ಲವೂ ಅಸ್ಥಿಯೇ ಎಂದು ಅವರಿಗೆ ಮೊದಲೇ ತಿಳಿಸಿ. ಕೆಲವು ಚೂರುಗಳನ್ನು ಪುಡಿ ಮಾಡದೆ ಬೇರೆ ಕೊಡಿ ಎನ್ನುವುದಿದ್ದರೆ ಇವತ್ತೇ ಕೇಳಬೇಕು. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಪುಡಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ. ತಂದೆಯವರಿಗೆ ಪೇಸ್‌ಮೇಕರ್ ಹಾಕಿದ್ದರೆ ಅದನ್ನೂ ಹೇಳಿಬಿಡಿ. ಅದರ ಬ್ಯಾಟರಿ ಕುಲುಮೆಯಲ್ಲಿ ಸಿಡಿಯುವುದರಿಂದ ಮುಂಚೆಯೇ ತೆಗೆಯಬೇಕಾಗುತ್ತದೆ. ಉಂಗುರ, ಸರ ಇದ್ದರೆ ನೀವೇ ತೆಗೆದಿಟ್ಟುಕೊಳ್ಳಿ.

ಇನ್ನು ಹಿತ್ತಾಳೆಯ ಕಲಶ. ಪ್ರಯಾಣಕ್ಕೆ ಅದು ಬೇಡವೇ ಬೇಡ. ಇಲ್ಲಿನ ವಿಮಾನ ನಿಲ್ದಾಣದ ತಪಾಸಣೆಯವರು, ಅಂದರೆ ಟಿಎಸ್ಎ ಸಿಬ್ಬಂದಿ, ಅಸ್ಥಿಯ ಪಾತ್ರೆಯನ್ನು ತೆರೆಯುವುದಿಲ್ಲ. ‘ಪರವಾಗಿಲ್ಲ, ತೆರೆದು ನೋಡಿ’ ಎಂದು ನೀವೇ ಹೇಳಿದರೂ ತೆರೆಯುವುದಿಲ್ಲ. ಎಕ್ಸ್‌ರೇಯಲ್ಲಿ ಒಳಗಿನದು ಕಾಣಬೇಕು. ಕಾಣದಿದ್ದರೆ ಆ ಪಾತ್ರೆ ಮುಂದಕ್ಕೆ ಹೋಗುವುದಿಲ್ಲ. ಹಿತ್ತಾಳೆ, ತಾಮ್ರ, ದಪ್ಪ ಕಲ್ಲು ಇವುಗಳಲ್ಲಿ ಆ ತೊಂದರೆ ಬರುತ್ತದೆ. ಮರ, ರಟ್ಟು, ಪ್ಲಾಸ್ಟಿಕ್ ಆದರೆ ಚಿಂತೆಯಿಲ್ಲ. ದುಬೈನಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸುವುದಿದ್ದರೆ ಅಲ್ಲಿ ಮತ್ತೊಮ್ಮೆ ತಪಾಸಣೆ ಇರುತ್ತದೆ. ಅಷ್ಟು ದೂರ ಹೋದ ಮೇಲೆ ತಡೆದರೆ ಏನು ಮಾಡುತ್ತೀರಿ?

ಹಾಗಾದರೆ ಯಾವುದು? ನಿಜ ಹೇಳಬೇಕೆಂದರೆ ಊರಿಗೆ ಒಯ್ಯುವವರಿಗೆ ಕಲಶವನ್ನು ಕೊಳ್ಳುವ ಅಗತ್ಯವೇ ಇಲ್ಲ. ದಹನ ನಡೆಸುವವರು ಪುಡಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗುರುತಿನ ಸಂಖ್ಯೆ ಕೊರೆದ ಲೋಹದ ಪುಟ್ಟ ಬಿಲ್ಲೆಯನ್ನು ಜೊತೆಗಿಟ್ಟು, ಸಾದಾ ಪ್ಲಾಸ್ಟಿಕ್ ಅಥವಾ ರಟ್ಟಿನ ಡಬ್ಬಿಯಲ್ಲಿ ಕೊಡುತ್ತಾರೆ. ಮೇಲೆ ಹೆಸರು, ದಿನಾಂಕದ ಚೀಟಿ ಇರುತ್ತದೆ. ತಪಾಸಣೆಗೆ ಇದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಅಪ್ಪನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯುವುದಾ ಎಂದು ಕರುಳು ಚುರ್ರೆನ್ನುತ್ತದೆ, ಗೊತ್ತು. ಡಬ್ಬಿಗೆ ಒಂದು ಬಿಳಿ ಪಂಚೆ ಸುತ್ತಿ ಕೈಚೀಲದಲ್ಲಿಡಿ. ತಪಾಸಣೆಯ ಹೊತ್ತಿಗೆ ಪಂಚೆ ಬಿಚ್ಚಿ ಡಬ್ಬಿಯನ್ನು ಬೇರೆ ಟ್ರೇನಲ್ಲಿ ಇಡಬಹುದು. ಇನ್ನೂ ಅಂದವಾಗಿ ಬೇಕೆಂದರೆ ತೆಳು ಮರದ ಪೆಟ್ಟಿಗೆ ಕೊಳ್ಳಿ. ಇವುಗಳಲ್ಲಿ ಹಲವಕ್ಕೆ ಬಾಯಿ ಇರುವುದು ತಳದಲ್ಲಿ, ನಾಲ್ಕು ಸ್ಕ್ರೂ ಬಿಚ್ಚಿದರೆ ಹಲಗೆ ಬರುತ್ತದೆ. ಒಳಗೆ ಲೋಹದ ತಗಡು ಇಲ್ಲವೆಂದು ನೋಡಿಕೊಳ್ಳಿ. ಅಂಟು ಹಾಕಿ ಮುಚ್ಚಲು ಬಿಡಬೇಡಿ.

ಕೊಳ್ಳುವುದಾದರೂ ಫ್ಯೂನರಲ್ ಹೋಮ್‌ನಲ್ಲೇ ಕೊಳ್ಳಬೇಕೆಂದಿಲ್ಲ. 1984ರಿಂದ ಜಾರಿಯಲ್ಲಿರುವ ಫ್ಯೂನರಲ್ ರೂಲ್ ಎಂಬ ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ, ನೀವು ಬೇರೆ ಕಡೆ ಕೊಂಡು ತಂದ ಕಲಶವನ್ನು ಅವರು ಬೇಡವೆನ್ನುವಂತಿಲ್ಲ, ಅದಕ್ಕೆಂದು ಶುಲ್ಕ ಹಾಕುವಂತೆಯೂ ಇಲ್ಲ. ಬಿಡಿಬಿಡಿಯಾಗಿ ಬರೆದ ದರಪಟ್ಟಿ ಕೇಳಿ, ಕೊಡಲೇಬೇಕು. ದುಃಖದಲ್ಲಿರುವಾಗ ಬೆಲೆ ಕೇಳಲು ಸಂಕೋಚವಾಗುತ್ತದೆ. ಆ ಸಂಕೋಚ ಬೇಡ.

ಅಳತೆಯ ಲೆಕ್ಕ ಸುಲಭ. ಬದುಕಿದ್ದಾಗಿನ ತೂಕದ ಒಂದು ಪೌಂಡಿಗೆ ಒಂದು ಘನ ಇಂಚು. ತಂದೆಯವರು 72 ಕಿಲೋ ಅಂದಿರಿ, ಅಂದರೆ ಸುಮಾರು 160 ಪೌಂಡು, 160 ಘನ ಇಂಚು ಜಾಗ ಬೇಕು. ಅಂಗಡಿಯಲ್ಲಿ ‘ದೊಡ್ಡವರ ಅಳತೆ’ ಎಂದು ಮಾರುವುದು ಸಾಮಾನ್ಯವಾಗಿ 200 ಘನ ಇಂಚಿನದು, ಧಾರಾಳವಾಗಿ ಸಾಕು. ಒಳಗಿನ ಅಳತೆಯನ್ನೇ ಕೇಳಿ. ದಪ್ಪ ಮರದ ಪೆಟ್ಟಿಗೆ ಹೊರಗೆ ದೊಡ್ಡದು ಕಂಡು ಒಳಗೆ ಇಕ್ಕಟ್ಟಾಗಿರುತ್ತದೆ.

ನಮ್ಮವರು ಹೆಚ್ಚಾಗಿ ತಪ್ಪುವುದು ಊರಿನ ಪಾತ್ರೆಯ ವಿಷಯದಲ್ಲಿ. 160 ಘನ ಇಂಚೆಂದರೆ ಎರಡೂವರೆ ಲೀಟರಿಗೂ ಮೇಲೆ, ತೂಕ ಎರಡೂವರೆ ಕಿಲೋ ಆಸುಪಾಸು. ಅಲ್ಲಿ ಅಣ್ಣತಮ್ಮಂದಿರು ವಾಡಿಕೆಯಂತೆ ಒಂದು ಚೊಂಬೋ ಪುಟ್ಟ ಕುಡಿಕೆಯೋ ತಂದಿಟ್ಟುಕೊಂಡಿರುತ್ತಾರೆ, ಅರ್ಧವೂ ಹಿಡಿಸುವುದಿಲ್ಲ. ಕನಿಷ್ಠ ಮೂರು ಲೀಟರ್ ಹಿಡಿಯುವ, ಬಾಯಿ ಅಗಲವಾದ ಮಣ್ಣಿನ ಮಡಕೆ ತರಲು ಈಗಲೇ ಫೋನ್ ಮಾಡಿ ಹೇಳಿ. ಅಲ್ಲಿಗೆ ಮುಟ್ಟಿದ ಮೇಲೆ ಡಬ್ಬಿಯಿಂದ ಮಡಕೆಗೆ ಹಾಕಿದರಾಯಿತು. ಗಾಳಿಯಿಲ್ಲದ ಜಾಗದಲ್ಲಿ, ಫ್ಯಾನ್ ಆರಿಸಿ, ಕೆಳಗೆ ಬಟ್ಟೆ ಹಾಸಿ, ಚೀಲದ ಒಂದು ಮೂಲೆಯನ್ನು ಕತ್ತರಿಸಿ ನಿಧಾನಕ್ಕೆ ಸುರಿಯಿರಿ. ಪುಡಿಯಲ್ಲಿ ನಯವಾದ ಧೂಳೂ ಇರುತ್ತದೆ, ಅದು ಏಳುತ್ತದೆ.

ಕಾಗದಪತ್ರಗಳಿಗೆ ಬಂದರೆ, ಸಾವಿನ ಪ್ರಮಾಣಪತ್ರದ ದೃಢೀಕೃತ ಪ್ರತಿಗಳು ಎಂಟು ಹತ್ತು ತೆಗೆಸಿ. ಬ್ಯಾಂಕು, ಪೆನ್ಷನ್, ಎಲ್‌ಐಸಿ ಎಲ್ಲಕ್ಕೂ ಬೇಕಾಗುತ್ತದೆ. ಊರಿನಲ್ಲಿ ಬಳಸುವವಕ್ಕೆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೊಸ್ಟೈಲ್ ಮುದ್ರೆ, ಅಂದರೆ ಇಲ್ಲಿನ ದಾಖಲೆ ಬೇರೆ ದೇಶದಲ್ಲೂ ಸಲ್ಲುವಂತೆ ಮಾಡುವ ದೃಢೀಕರಣ, ಹಾಕಿಸಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ಇನಿಷಿಯಲ್ ಎಲ್ಲಿ, ಊರಿನ ಹೆಸರು ಎಲ್ಲಿ, ತಂದೆಯ ಹೆಸರು ಎಲ್ಲಿ ಎಂಬ ನಮ್ಮ ಗೋಜಲು ಇಲ್ಲಿನ ಗುಮಾಸ್ತರಿಗೆ ಅರ್ಥವಾಗುವುದಿಲ್ಲ. ಫ್ಯೂನರಲ್ ಹೋಮ್‌ನವರು ಅರ್ಜಿ ಕಳಿಸುವ ಮುಂಚೆ ಒಂದೊಂದು ಅಕ್ಷರ ನೀವೇ ಓದಿ ನೋಡಿ; ಆಮೇಲೆ ತಿದ್ದಿಸುವುದಕ್ಕೆ ವಾರಗಳೇ ಹಿಡಿಯುತ್ತವೆ. ತಂದೆಯವರದು ಭಾರತದ ಪಾಸ್‌ಪೋರ್ಟ್ ಆದ್ದರಿಂದ, ನಿಮ್ಮ ರಾಜ್ಯ ಯಾವ ಭಾರತೀಯ ಕಾನ್ಸುಲೇಟಿಗೆ ಸೇರುತ್ತದೋ ಅಲ್ಲಿ ಅದನ್ನು ರದ್ದು ಮಾಡಿಸಿ, ಅಸ್ಥಿ ಒಯ್ಯಲು ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ತೆಗೆದುಕೊಳ್ಳಿ. ಸಾವಿನ ಪ್ರಮಾಣಪತ್ರ, ದಹನದ ಪ್ರಮಾಣಪತ್ರ, ಎನ್‌ಒಸಿ ಮೂರೂ ಡಬ್ಬಿಯ ಜೊತೆಗೇ ಕೈಯಲ್ಲಿರಲಿ. ಡಬ್ಬಿಯನ್ನು ಲಗೇಜಿಗೆ ಹಾಕಬೇಡಿ, ಸೂಟ್‌ಕೇಸುಗಳು ತಪ್ಪಿಹೋಗುತ್ತವೆ. ಟಿಕೆಟ್ ಕೊಳ್ಳುವ ಮುಂಚೆ ವಿಮಾನದವರ ನಿಯಮವನ್ನು ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಆಗುವಷ್ಟರಲ್ಲಿ ಹತ್ತು ದಿನ ದಾಟಿದರೆ ಎದೆಗುಂದಬೇಡಿ. ಕರ್ಮಗಳನ್ನು ಹೇಗೆ ನಡೆಸಬೇಕೆಂದು ಮನೆಯ ಪುರೋಹಿತರನ್ನು ಕೇಳಿ. ಅಸ್ಥಿಯನ್ನು ಮನೆಯೊಳಗೆ ಇಡಬಾರದೆಂದು ಅಮ್ಮ ಹೇಳಿದರೆ, ಹೊರಡುವ ದಿನದವರೆಗೆ ಫ್ಯೂನರಲ್ ಹೋಮ್‌ನಲ್ಲೇ ಇರಿಸಿಕೊಳ್ಳುವಂತೆ ಕೇಳಬಹುದು. ಎಷ್ಟು ದಿನ, ಅದಕ್ಕೆ ಹಣ ಉಂಟೇ ಎಂದು ವಿಚಾರಿಸಿಕೊಳ್ಳಿ. ಒಂದು ಪಾಲನ್ನು ಇಲ್ಲಿನ ಸಮುದ್ರದಲ್ಲಿ ಬಿಡುವ ಯೋಚನೆಯಿದ್ದರೆ ದಡದಿಂದ ಮೂರು ನಾಟಿಕಲ್ ಮೈಲಿ ಆಚೆ ಹೋಗಬೇಕು, ಬಿಟ್ಟ 30 ದಿನದೊಳಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಗೆ ತಿಳಿಸಬೇಕು.

ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಡುವ ಪಶ್ಚಿಮವಾಹಿನಿಗೆ ಹೋಗುವ ಮುಂಚೆ ಆ ಲೋಹದ ಬಿಲ್ಲೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ತೆಗೆದಿಡಿ, ಅವು ಕಾವೇರಿಗೆ ಹೋಗಬಾರದು. ಗಾಳಿ ಬೆನ್ನಿಗಿರುವಂತೆ ನಿಂತು, ಮಡಕೆಯ ಬಾಯನ್ನು ನೀರಿನ ಮಟ್ಟಕ್ಕೆ ಇಳಿಸಿ, ನೀರು ಒಳನುಗ್ಗಿ ಪುಡಿ ತಾನಾಗಿ ಹೊರಡಲು ಬಿಡಿ. ಗಾಳಿಗೆ ಎದುರಾಗಿ ನಿಂತು ಮೇಲಿನಿಂದ ಸುರಿದರೆ ಹಿಂದೆ ನಿಂತಿರುವ ಅಮ್ಮನ ಮುಖಕ್ಕೆ ಹಾರುತ್ತದೆ.