ತೀರ್ಪು ಬಂತು, ಶಾಲೆಗೆ ಬೀಗ ಬಿತ್ತು

ಪ್ರಶ್ನೆ: 1954ರ ಬ್ರೌನ್ ತೀರ್ಪಿನಿಂದ ಅಮೆರಿಕದ ಶಾಲೆಗಳಲ್ಲಿ ಬಣ್ಣಭೇದ ಮುಗಿಯಿತು ಎಂದು ಕೋಚಿಂಗ್ ಕ್ಲಾಸಿನ ನೋಟ್ಸಿನಲ್ಲಿದೆ. ಸುಪ್ರೀಂ ಕೋರ್ಟಿಗೆ ಅಷ್ಟು ಶಕ್ತಿ ಇದ್ದರೆ ಅಲ್ಲಿಯವರೆಗೆ ಯಾಕೆ ಸುಮ್ಮನಿತ್ತು?

ಉತ್ತರ: ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಎಲ್ಲದರ ಹಿಂದೆಯೂ ಅದೇ ನೋಟ್ಸ್. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಕೋರ್ಟು ಸುಮ್ಮನೆ ಎಲ್ಲಿತ್ತು? ಸುಮ್ಮನಿದ್ದಿದ್ದರೆ ಎಷ್ಟೋ ವಾಸಿ. ಕಪ್ಪು ಜನ ಅಮೆರಿಕದ ಪ್ರಜೆಗಳಾಗಲಾರರು ಎಂದು 1857ರ ಡ್ರೆಡ್ ಸ್ಕಾಟ್ ಕೇಸಿನಲ್ಲಿ ಹೇಳಿದ್ದು ಇದೇ ಕೋರ್ಟು. ಅಂತರ್ಯುದ್ಧ ನಡೆದು, ಸಂವಿಧಾನವನ್ನೇ ತಿದ್ದಿದರು. ರೈಲು, ಛತ್ರ, ನಾಟಕ ಮಂದಿರಗಳಲ್ಲಿ ಭೇದ ಮಾಡಬಾರದು ಎಂದು 1875ರಲ್ಲಿ ಕಾಯ್ದೆಯೂ ಬಂತು. 1883ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. 1896ರ ಪ್ಲೆಸ್ಸಿ ಕೇಸಿನಲ್ಲಿ, ರೈಲಿನಲ್ಲಿ ಬಣ್ಣ ನೋಡಿ ಬೇರೆ ಬೇರೆ ಬೋಗಿ ಕೊಟ್ಟರೂ ತಪ್ಪಿಲ್ಲ, ಸೌಕರ್ಯ ಒಂದೇ ಥರ ಇದ್ದರಾಯಿತು ಎಂದಿತು. ಒಪ್ಪದವರು ಒಬ್ಬರೇ, ನ್ಯಾಯಮೂರ್ತಿ ಹಾರ್ಲನ್. ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಮಾಡುವಂತಿಲ್ಲ ಎಂದು 1954ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಸೇರಿ ಬಿಚ್ಚಿದ್ದು ತಮ್ಮದೇ ಕೋರ್ಟು 58 ವರ್ಷ ಹಿಂದೆ ಹಾಕಿದ್ದ ಗಂಟನ್ನು.

ಇನ್ನು 'ಮುಗಿಯಿತು' ಅನ್ನುವ ಮಾತು. ವರ್ಜೀನಿಯಾ ರಾಜ್ಯದಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿ ಅಂತ ಇದೆ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿನ ಫಾರ್ಮ್‌ವಿಲ್ ಊರಿನ ಮೋಟನ್ ಹೈಸ್ಕೂಲು ಕಪ್ಪು ಮಕ್ಕಳದ್ದು. ಜಾಗ ಸಾಲದೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ. 1951ರ ಏಪ್ರಿಲ್‌ನಲ್ಲಿ ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ಇಡೀ ಶಾಲೆಯನ್ನು ಮುಷ್ಕರಕ್ಕೆ ಹೊರಡಿಸಿದಳು. ಆ ಜಗಳವೇ ಕೋರ್ಟು ಹತ್ತಿ, ಬ್ರೌನ್ ಹೆಸರಿನಡಿ ಒಟ್ಟುಗೂಡಿದ ಕೇಸುಗಳಲ್ಲಿ ಒಂದಾಯಿತು. ಅಂದರೆ 1954ರಲ್ಲಿ ಗೆದ್ದವರಲ್ಲಿ ಈ ಊರಿನ ಮಕ್ಕಳೂ ಇದ್ದರು.

ಗೆದ್ದು ಸಿಕ್ಕಿದ್ದೇನು? ಹೇಗೆ ಜಾರಿ ಮಾಡಬೇಕು ಎಂದು 1955ರಲ್ಲಿ ಇನ್ನೊಂದು ಆದೇಶ ಬಂತು. ಅದರಲ್ಲಿ ಗಡುವೇ ಇಲ್ಲ. ಅದರ ಪ್ರಸಿದ್ಧ ಮಾತನ್ನು ಕನ್ನಡದಲ್ಲಿ ಹೇಳುವುದಾದರೆ, ಸಾವಧಾನವಾಗಿ ಓಡಿ ಅಂದ ಹಾಗೆ. ದಕ್ಷಿಣದ ರಾಜ್ಯಗಳು ಓಟ ಬಿಟ್ಟು ಸಾವಧಾನವನ್ನಷ್ಟೇ ಹಿಡಿದುಕೊಂಡವು. ಮಕ್ಕಳನ್ನು ಒಟ್ಟಿಗೆ ಕೂರಿಸಲೇಬೇಕು ಎಂದು 1959ರಲ್ಲಿ ಕೋರ್ಟಿನ ಒತ್ತಡ ಬಂದಾಗ, ಪ್ರಿನ್ಸ್ ಎಡ್ವರ್ಡ್ ಕೌಂಟಿ ಸರ್ಕಾರಿ ಶಾಲೆಗಳಿಗೆ ಬೀಗ ಹಾಕಿತು. ಒಂದೆರಡಕ್ಕಲ್ಲ, ಎಲ್ಲದಕ್ಕೂ. ಬಿಳಿ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಅದರ ಫೀಸಿಗೆ ಸರ್ಕಾರದ ದುಡ್ಡೂ ಹರಿಯಿತು. ಕಪ್ಪು ಮಕ್ಕಳಲ್ಲಿ ಕೆಲವರನ್ನು ಪರವೂರಿನ ನೆಂಟರ ಮನೆಗೆ ಕಳಿಸಿದರು. ಕೆಲವರು ಚರ್ಚಿನಲ್ಲಿ ಕೂತು ಅಷ್ಟಿಷ್ಟು ಕಲಿತರು. ಎಷ್ಟೋ ಮಂದಿ ಆಮೇಲೆ ಶಾಲೆಯ ಕಡೆ ತಲೆಯೇ ಹಾಕಲಿಲ್ಲ. 1964ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಗದರಿದ ಮೇಲೆ ಬೀಗ ತೆಗೆದರು. ಬೀಗ ಬಿದ್ದಾಗ ಎಂಟು ವರ್ಷವಾಗಿದ್ದ ಮಗುವಿಗೆ ಅಷ್ಟು ಹೊತ್ತಿಗೆ ಹದಿಮೂರು.

ಬೇರೆ ಬಹಳಷ್ಟು ಕಡೆ ಬೀಗ ಹಾಕಲಿಲ್ಲ, ಸುಮ್ನೆ ದಿನ ತಳ್ಳಿದರು. 1963–64ರ ಶಾಲಾ ವರ್ಷದಲ್ಲೂ ದಕ್ಷಿಣದ 11 ರಾಜ್ಯಗಳಲ್ಲಿ ಬಿಳಿ ಮಕ್ಕಳ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಇಬ್ಬರೂ ಇರಲಿಲ್ಲ. ಭೇದ ಮಾಡುವ ಶಾಲೆಗೆ ಕೇಂದ್ರದ ಹಣ ನಿಲ್ಲಿಸಬಹುದು ಎಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ಹೇಳಿದ ಮೇಲೆ ಗಾಡಿ ಮುಂದೆ ಹೋಯಿತು. ಅನುದಾನ ಅಂದ ಕೂಡಲೇ ಎಲ್ಲರಿಗೂ ಸಂವಿಧಾನ ನೆನಪಾಯಿತು, ಅಲ್ವಾ?

ಅಷ್ಟರಲ್ಲಿ ಕೋರ್ಟೇ ಬ್ರೇಕ್ ಹಾಕಿತು. 1974ರ ಡೆಟ್ರಾಯಿಟ್ ಕೇಸಿನಲ್ಲಿ, 5–4ರ ಬಹುಮತದಿಂದ, ತಾವಾಗಿ ತಪ್ಪು ಮಾಡದ ಹೊರವಲಯದ ಶಾಲೆಗಳನ್ನು ನಗರದ ಶಾಲೆಗಳ ಜೊತೆ ಸೇರಿಸುವಂತಿಲ್ಲ ಎಂದಿತು. ಬಿಳಿಯರಲ್ಲಿ ಬಹಳಷ್ಟು ಜನ ಆಗಲೇ ಹೊರವಲಯಕ್ಕೆ ಮನೆ ಬದಲಾಯಿಸಿದ್ದರು. ಇನ್ನು ನಗರದಲ್ಲಿ ಯಾರನ್ನು ಯಾರ ಪಕ್ಕ ಕೂರಿಸುವುದು? ನಿಮ್ಮ ನೋಟ್ಸಿನಲ್ಲಿ 1974 ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಕೊಟ್ಟವರಿಂದ ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಬ್ರೌನ್ ಎಂದರೆ ಕಂದು ಬಣ್ಣದವರು ಹಾಕಿದ ಕೇಸು ಅಂತಲಾ?

ಉತ್ತರ: ಅಲ್ಲ ಸ್ವಾಮಿ. ಕಾನ್ಸಸ್‌ನ ಟೊಪೀಕಾ ಊರಿನಲ್ಲಿ ತನ್ನ ಮಗಳಿಗಾಗಿ ಕೇಸು ಹಾಕಿದ ಆಲಿವರ್ ಬ್ರೌನ್ ಎಂಬ ತಂದೆಯ ಹೆಸರು ಅದು.

ಪ್ರಶ್ನೆ: ಪ್ಲೆಸ್ಸಿ ಗೊತ್ತಿಲ್ಲದೆ ಬಿಳಿಯರ ಬೋಗಿ ಹತ್ತಿದ್ದರಂತೆ, ಪಾಪ.

ಉತ್ತರ: ಪಾಪ ಏನಿಲ್ಲ. ಕಾನೂನನ್ನು ಕೋರ್ಟಿಗೆ ಎಳೆಯಲೆಂದೇ ನ್ಯೂ ಆರ್ಲಿಯನ್ಸ್‌ನ ಸಮಿತಿಯೊಂದು 1892ರಲ್ಲಿ ಅವರನ್ನು ಹತ್ತಿಸಿತ್ತು.

ಪ್ರಶ್ನೆ: ಭಾರತೀಯರು ಆರ್ಯರು, ಹಾಗಾಗಿ ಬಿಳಿಯರು ಎಂದು ಅಮೆರಿಕದ ಕೋರ್ಟು ಒಪ್ಪಿತ್ತು ಎಂದು ವಾಟ್ಸಾಪ್‌ನಲ್ಲಿ ಬಂದಿದೆ. ನಿಜವೇ?

ಉತ್ತರ: ತಲೆಕೆಳಗು. ಆಗಿನ ಕಾನೂನಿನಲ್ಲಿ ಹೊರಗಿನಿಂದ ಬಂದ ಏಷ್ಯಾದವರು ಪೌರತ್ವ ಪಡೆಯಲು ಬಿಳಿಯರೆಂದು ತೋರಿಸಬೇಕಿತ್ತು. 1922ರ ನವೆಂಬರ್‌ನಲ್ಲಿ ಜಪಾನಿನ ಟಕಾವೊ ಒಜಾವಾ ಅವರಿಗೆ, ಚರ್ಮ ಬೆಳ್ಳಗಿದ್ದರೆ ಸಾಲದು, ಕಕೇಶಿಯನ್ (ಆಗಿನವರು ಮಾಡಿದ್ದ ಜನಾಂಗ ವಿಂಗಡಣೆಯ ಒಂದು ಗುಂಪು) ಆಗಿರಬೇಕು ಎಂದು ಸುಪ್ರೀಂ ಕೋರ್ಟು ಪೌರತ್ವ ನಿರಾಕರಿಸಿತು. ಮೂರು ತಿಂಗಳಿಗೆ ಪಂಜಾಬಿನ ಭಗತ್ ಸಿಂಗ್ ಥಿಂದ್ ಸರದಿ. ಅಮೆರಿಕದ ಸೇನೆಯಲ್ಲಿದ್ದವರು. ತಾನು ಕಕೇಶಿಯನ್, ಅದರಲ್ಲೂ ಮೇಲ್ಜಾತಿ ಎಂಬುದು ಅವರ ವಾದ. ಅದೆಲ್ಲ ಇರಲಿ, ಸಾಮಾನ್ಯ ಜನರ ಲೆಕ್ಕದಲ್ಲಿ ನೀವು ಬಿಳಿಯರಲ್ಲ ಎಂದು ಕೋರ್ಟು ಹೇಳಿತು. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಸದರ್ಲೆಂಡ್. ಅದಕ್ಕೂ ಮುಂಚೆ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಂಡರು. ಆ ಫಾರ್ವರ್ಡನ್ನು ಅಳಿಸಿಬಿಡಿ.

ಪ್ರಶ್ನೆ: ಮೀಸಲಾತಿಗೆ 50 ಪರ್ಸೆಂಟ್ ಮಿತಿ ಅಮೆರಿಕದಿಂದ ಬಂತಾ?

ಉತ್ತರ: ಇಲ್ಲ, ನಮ್ಮ ಮೈಸೂರು ರಾಜ್ಯದ 68 ಪರ್ಸೆಂಟ್ ಮೀಸಲಾತಿಯ ಮೇಲೆ ನಡೆದ 1962ರ ಬಾಲಾಜಿ ಕೇಸಿನಿಂದ ಬಂತು. ಅದನ್ನು ಕೇಳುವುದಿದ್ದರೆ ಬೇರೆ ಪತ್ರ ಬರೆಯಿರಿ. ಜಾತಿಯನ್ನೂ ಜನಾಂಗವನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸಬೇಡಿ.