ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ತೀರಿಹೋದ ಮುತ್ತಜ್ಜನ ವಿವರ ಹುಡುಕುವುದು ಹೇಗೆ?

ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಬ್ರಿಟಿಷ್ ಇಂಡಿಯಾ ಸೇರಿ ಕಾಮನ್‌ವೆಲ್ತ್ ಸೇನೆಗಳಲ್ಲಿ ಮಡಿದವರ ಸಮಾಧಿ, ದಾಖಲೆ ನೋಡಿಕೊಳ್ಳುವ ಸಂಸ್ಥೆ) ಜಾಲತಾಣದಲ್ಲಿ ಹುಡುಕಿ, ಉಚಿತ. ಎರಡನೇ ಯುದ್ಧಕ್ಕೆ ಅವರು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗಿನ ಸಾವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಯುದ್ಧ ಮುಗಿದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೂ ಹೆಸರು ಸಿಗಬಹುದು.

ಹೆಚ್ಚಿನವರು ಸೋಲುವುದು ಹೆಸರಿನ ಕಾಗುಣಿತದಲ್ಲಿ. ಆಗಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಮುದ್ದಪ್ಪ ಸಿಗದಿದ್ದರೆ ಮುದಪ್ಪ, ಮುತ್ತಪ್ಪ ಎಂದೂ ನೋಡಿ. ಕೊಡಗಿನವರಾದರೆ ಊರಿನ ಜಾಗದಲ್ಲಿ ಕೊಡಗಲ್ಲ, ಕೂರ್ಗ್ ಎಂದಿರುತ್ತದೆ. ಎಷ್ಟೋ ದಾಖಲೆಗಳಲ್ಲಿ ತಂದೆಯ ಹೆಸರು, ಹಳ್ಳಿಯೂ ಇರುವುದರಿಂದ ನಿಮ್ಮವರೇ ಹೌದೋ ಅಲ್ಲವೋ ಖಚಿತವಾಗುತ್ತದೆ. ಮನೆಯಲ್ಲಿ ಹಳೆಯ ಪದಕವಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಸೈನಿಕ ಸಂಖ್ಯೆ ಕೊರೆದಿರಬಹುದು. ಆ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಆದಂತೆ.

ಸಮಾಧಿ ಇಲ್ಲವೆಂದು ದಯವಿಟ್ಟು ನಿರಾಶರಾಗಬೇಡಿ. ಯಾಂಗೋನ್ (ಹಿಂದಿನ ರಂಗೂನ್) ಹತ್ತಿರದ ಟೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲೆ ಸುಮಾರು 27,000 ಹೆಸರುಗಳಿವೆ. ತಮ್ಮ ಧರ್ಮದಂತೆ ದಹನವಾದ ಸಾವಿರಕ್ಕೂ ಹೆಚ್ಚು ಜನರಿಗೆ ಅಲ್ಲೇ ಪ್ರತ್ಯೇಕ ಸ್ಮಾರಕವಿದೆ. ದಾಖಲೆಯ ಪುಟದಿಂದಲೇ ಸ್ಮರಣ ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ಫೋಟೋ ಇಲ್ಲದ ಮನೆಯಲ್ಲಿ ಅದಕ್ಕೇ ಚೌಕಟ್ಟು ಹಾಕಿಸಿ ಹೂವು ಮುಡಿಸಿ. ಹೆಸರು ಬಿಟ್ಟುಹೋಗಿದ್ದರೆ ಸಾವಿನ ಪತ್ರ, ಪಿಂಚಣಿ ಕಾಗದದಂಥ ಆಧಾರ ಕಳಿಸಿ ಸೇರಿಸುವಂತೆ ಕೇಳಬಹುದು.